ಕೊಳ ತೊಳೆಸಿದ ಭಾವನವರಿಗೆ

ಭಾವನವರಿಗೆ ನಮಸ್ಕಾರ.

ಪಾರ್ಕಿನ ಕೊಳಕ್ಕೆ ಬಿದ್ದ ಖರ್ಚು ಮೊದಲೇ ಹೇಳಿಬಿಡುತ್ತೇನೆ: ಬೇಸಿಗೆಯ ಅಷ್ಟೂ ಭಾನುವಾರ ನನ್ನ ಟೈರ್ ಅಂಗಡಿಗೆ ಬೀಗ, ನಿಮ್ಮ ತಂಗಿಯ ಸೊಂಟನೋವು, ಬೀದಿಯವರೆಲ್ಲರ ಅಂಗೈ ಬೊಬ್ಬೆ. ಅಗೆದವರು ನಾವು. ಕಪ್ಪೆಗಳು ತಾವಾಗಿಯೇ ಬಂದು ಮೊಟ್ಟೆಯಿಟ್ಟವು. ಬೀದಿಯ ಸಂಘದ ಅಧ್ಯಕ್ಷರಾದ ನೀವು ಬಂದದ್ದು ಉದ್ಘಾಟನೆಯ ಹಿಂದಿನ ದಿನ.

"ನೀರೆಲ್ಲ ಹಸಿರು. ಅತಿಥಿಗಳ ಮುಂದೆ ನನ್ನ ಮರ್ಯಾದೆ ಏನಾಗ್ಬೇಕು?" ಅಂದಿರಿ.

"ಅಣ್ಣಾ, ಆ ಪಾಚಿನೇ ಮರಿಗಳ ಊಟ. ಮುಟ್ಬೇಡ," ಅಂದಳು ನಿಮ್ಮ ತಂಗಿ.

"ನಿನ್ನ ಕಪ್ಪೆ ಬಂದು ರಿಬ್ಬನ್ ಕತ್ತರಿಸುತ್ತಾ?" ಎಂದು ನಕ್ಕಿರಿ. ನಾವು ಮನೆಗೆ ಹೋದ ಮೇಲೆ ಬ್ಲೀಚಿಂಗ್ ಪೌಡರ್ ಸುರಿಸಿದಿರಿ.

ಬೆಳಗ್ಗೆ ನೀರು ತಿಳಿಯಾಗಿತ್ತು, ಮರಿಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅವಳು ಟೀ ಸೋಸುವ ಜರಡಿಯಲ್ಲಿ ಅವನ್ನು ಎತ್ತುತ್ತಿದ್ದರೆ, "ಫೋಟೋಗೆ ಅಡ್ಡ ಬರ್ತೀಯ, ಆಚೆ ಸರಿ," ಅಂದಿರಿ. ಅದನ್ನು ನಾನು ಮರೆಯುವವನಲ್ಲ.

ಈಗ ಕೆಲಸದ ಮಾತು. ನೀವೇ ನಿಂತು ಆ ನೀರು ಖಾಲಿ ಮಾಡಿಸಿ. ಪಾರ್ಕಿನ ಬೀಗದ ಕೈ ತಂಗಿಗೆ ಕೊಡಿ. ಅಲ್ಲಿಯವರೆಗೆ ಪಾರ್ಕಿನ ಯಾವ ಕೆಲಸಕ್ಕೂ ನಮ್ಮಲ್ಲಿ ಒಬ್ಬರೂ ಗುದ್ದಲಿ ಹಿಡಿಯುವುದಿಲ್ಲ.

ಒಟ್ಟಿನಲ್ಲಿ ನಿಮಗೆ ಪತ್ರಿಕೆಯಲ್ಲಿ ಫೋಟೋ ಸಿಕ್ಕಿತು, ಅತಿಥಿಗಳಿಗೆ ಚಪ್ಪಾಳೆ, ತಿನ್ನುವ ಕಪ್ಪೆಗಳಿಲ್ಲದ ಸೊಳ್ಳೆಗಳಿಗೆ ಇಡೀ ಬೀದಿ. ನಿಮ್ಮ ತಂಗಿಗೆ ಏನೂ ಇಲ್ಲ.

ಇಂತಿ,
ನಿಮ್ಮ ತಂಗಿಯ ಗಂಡ