ಅರಕಲಗೂಡಿನ ಸರ್ವರ್ ಮಲಗುತ್ತಿದ್ದ ಹೊತ್ತು

ಹಾಸನ, ಆಗಸ್ಟ್ 2004

ದಿಲೀಪ್ ಅವರಿಗೆ,

ಫೋನಿನಲ್ಲೇ ಕೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು ನಕ್ಕುಬಿಡುತ್ತೀರಿ, ಆ ನಗು ಕೇಳಿದರೆ ನಾನು ಕೇಳಬೇಕಾದ್ದನ್ನೇ ಮರೆಯುತ್ತೇನೆ. ಅದಕ್ಕೇ ಕಾಗದ. ಮೊದಲೇ ಹೇಳಿಬಿಡುತ್ತೇನೆ, ಇದು ಮುದ್ದಿನ ಕಾಗದವಲ್ಲ. ನಿನ್ನೆ ನಿಮ್ಮ ತಾಯಿ ಚಿಕ್ಕಲಕ್ಷ್ಮಮ್ಮನವರು ಚನ್ನರಾಯಪಟ್ಟಣದ ನಮ್ಮ ಮನೆಗೆ ಬಂದು, ನನ್ನನ್ನು ನೋಡಿ ಒಪ್ಪಿಕೊಂಡು ಹೋದರು. ಇನ್ನು ನಾನು ಹೂಂ ಅನ್ನುವುದೊಂದೇ ಬಾಕಿ. ಅದಕ್ಕೂ ಮೊದಲು ನಿಮ್ಮನ್ನು ಒಂದು ಮಾತು ಕೇಳಬೇಕು.

ನನ್ನ ಕೆಲಸ ನಿಮಗೆ ಗೊತ್ತಿರುವುದೇ. ನಿಮ್ಮ ಬ್ಯಾಂಕಿನ ನಾಲ್ಕು ಊರಿನ ಶಾಖೆಗಳಲ್ಲಿ ಕಂಪ್ಯೂಟರು ನಿಲ್ಲದಂತೆ ನೋಡಿಕೊಳ್ಳುವುದು, ನಿಂತರೆ ಯಾಕೆ ನಿಂತಿತೆಂದು ಹುಡುಕುವುದು. ಅನುಮಾನ ಪಡುವುದಕ್ಕೇ ನನಗೆ ಸಂಬಳ. ತಿಂಗಳ ಕೊನೆಗೆ ನನ್ನ ಮೇಲಧಿಕಾರಿ ಕೇದಾರ್ ಸಾರೂ ನಾನೂ ಕೂತು 'ತಿಂಗಳ ತಲೆನೋವು' ಅಂತ ಎರಡು ಪುಟ ಬರೆದು ಹೆಡ್ಡಾಫೀಸಿಗೂ ಶಾಖೆಗಳಿಗೂ ಕಳಿಸುತ್ತೇವೆ. ಹೊಳೆನರಸೀಪುರದಲ್ಲಿ ಯುಪಿಎಸ್‌ಗೆ ಕಾಫಿ ಕಾಯಿಸುವ ಕಾಯಿಲ್ ಸಿಕ್ಕಿಸಿದ್ದು, ಹಾಸನದಲ್ಲಿ ಆಯುಧಪೂಜೆಯ ದಿನ ಕೀಬೋರ್ಡಿಗೆ ಕುಂಕುಮದ ನೀರು ಚಿಮುಕಿಸಿದ್ದು ಎಲ್ಲ ಅದರಲ್ಲೇ ಬಂದದ್ದು. ಓದಿ ಫೋನು ಮಾಡಿ ನಗುತ್ತಿದ್ದವರು ನೀವೊಬ್ಬರೇ.

ಅರಕಲಗೂಡಿನಲ್ಲಿ ನಿಮ್ಮ ಸುಪರ್ದಿಯಲ್ಲಿದ್ದ ಹಳೆಯ ಸರ್ವರ್ ಮಾತ್ರ ನಗು ತರಿಸಲಿಲ್ಲ. ಶುಕ್ರವಾರ ಮಧ್ಯಾಹ್ನ ನಿಲ್ಲುತ್ತಿತ್ತು, ಶನಿವಾರ ಬಾಗಿಲು ತೆರೆದ ಸ್ವಲ್ಪ ಹೊತ್ತಿಗೆ, ಬುಧವಾರ ಊಟದ ವೇಳೆ ಮುಗಿಯುವಾಗ. "ಮೇಡಂ, ಮತ್ತೆ ಮನಿಕ್ಕಂಡ್ಬುಡ್ತು ಕಣ್ರೀ. ಬತ್ತೀರಾ?" ಎಂದು ನಿಮ್ಮ ಫೋನು. ನಾನು ಬಸ್ಸು ಹತ್ತಿ ಬರುವಷ್ಟರಲ್ಲಿ ಅದು ತಾನಾಗಿಯೇ ಎದ್ದು ಕೂತಿರುತ್ತಿತ್ತು. ಯಾರೋ ತಂತಿ ಕೀಳುತ್ತಿದ್ದಾರೆಂದು ನಿಮ್ಮ ಮ್ಯಾನೇಜರು ತೀರ್ಮಾನಿಸಿ, ಕಸ ಗುಡಿಸುವಾಗ ಅಲ್ಲೇ ಓಡಾಡುವ ಅಟೆಂಡರ್ ಪುಟ್ಟರಾಜುವನ್ನು ಕೆಲಸದಿಂದ ನಿಲ್ಲಿಸಿದರು. ಅವನು ಹೋದ ಮೇಲೂ ಸರ್ವರ್ ಮಲಗುವುದು ಬಿಡಲಿಲ್ಲ. "ಯಾರ ಕೈಲೋ ಮಾಡಿಸ್ತಾವ್ನೆ" ಎಂದರೇ ಹೊರತು ಮ್ಯಾನೇಜರು ಹಟ ಬಿಡಲಿಲ್ಲ. "ನಾನು ಅದ್ರ ತಂಟೇಗೇ ಓಗಿಲ್ಲ ಕಣಕ್ಕ" ಎಂದು ಪುಟ್ಟರಾಜು ಬಸ್‌ಸ್ಟ್ಯಾಂಡಿನಲ್ಲಿ ನನ್ನ ಮುಂದೆ ಅತ್ತ. ನಿಮಗೆ ಹೇಳಿದೆ. "ಪಾಪ" ಅಂದಿರಿ.

ಹೋದ ಶುಕ್ರವಾರ ಹೊಸ ಪ್ರಿಂಟರ್ ಜೋಡಿಸಲು ಬೆಳಿಗ್ಗೆಯೇ ಬಂದಿದ್ದೆನಲ್ಲ. ಒಳಗೆ ನೀವೆಲ್ಲ ನೊಣ ಹೊಡೆಯುತ್ತಿದ್ದಿರಿ, ಹೊರಗೆ ಮೆಟ್ಟಿಲ ತುಂಬ ಜನ. ಒಳಗೆ ಬನ್ನಿ ಅಂದೆ. ಮಗಳ ಹೆಸರಲ್ಲಿ ಖಾತೆ ತೆರೆಯಲು ಬಂದಿದ್ದ ಶಿವಗಂಗಮ್ಮ ನನ್ನ ಕೈ ಹಿಡಿದು ಪಕ್ಕದಲ್ಲೇ ಕೂರಿಸಿಕೊಂಡರು. "ರಾವುಕಾಲ ಕಳೀಲಿ ತಡಿಯವ್ವ. ಒಳ್ಳೆ ಕೆಲ್ಸ, ಈಗ್ಲೇ ಓಗಿ ಯಾಕ್ ಕೆಡಿಸ್ಕಬೇಕು?" ಹನ್ನೆರಡು ಹೊಡೆಯಿತು. ಅಷ್ಟೂ ಜನ ಒಂದೇ ಸಲ ಒಳಗೆ ನುಗ್ಗಿದರು. ಎಲ್ಲ ಕೌಂಟರಿನಲ್ಲೂ ಒಟ್ಟಿಗೇ ಎಂಟರ್ ಒತ್ತಿದ್ದೇ ತಡ, ಆ ಮುದಿ ಸರ್ವರ್ ಕೈಚೆಲ್ಲಿತು. ಬುಧವಾರ, ಶನಿವಾರವೂ ಅಷ್ಟೇ, ರಾಹುಕಾಲ ಮುಗಿಯುವ ಹೊತ್ತೇ ಅದು. ತಂತಿಯೂ ಅಲ್ಲ, ಪುಟ್ಟರಾಜುವೂ ಅಲ್ಲ! ನಾನು ಕುಣಿದಾಡಿಬಿಟ್ಟೆ. ನೀವು ಹಣೆ ಚಚ್ಚಿಕೊಂಡು, "ಅಯ್ಯೋ ಸಿವ್ನೆ, ನಂಗೆ ಒಳೀಲೇ ಇಲ್ವಲ್ಲ!" ಅಂದಿರಿ. ನಂಬಿದೆ.

ನಿನ್ನೆ ನಿಮ್ಮ ತಾಯಿ ಕಾಫಿ ಲೋಟ ಕೆಳಗಿಟ್ಟು ಹೆಮ್ಮೆಯಿಂದ ಹೇಳಿದರು: "ನಮ್ ದಿಲೀಪ ಭಾಳ ನೇಮದವ್ನು ಕಣವ್ವ. ರಾವುಕಾಲ್ದಲ್ಲಿ ಗಾಡಿ ಕಿಕ್ ಹೊಡ್ಯಾಕಿಲ್ಲ. ಯಾವತ್ತು ಎಷ್ಟೊತ್ಗೆ ಅಂತ ಎಲ್ಲ ಬಾಯಲ್ಲೇ ಐತೆ ಅವನ್ಗೆ." ನಾನು ಲೋಟ ಎತ್ತಿಕೊಂಡು ಒಳಗೆ ಹೋಗಿಬಿಟ್ಟೆ. ಅವರು ನಾಚಿಕೆ ಅಂದುಕೊಂಡರು.

ಆಮೇಲೆ ಒಂದೊಂದೇ ನೆನಪಾಯಿತು. ಶುಕ್ರವಾರ ನಾನು ಬಂದಾಗಲೆಲ್ಲ ಹೋಟೆಲಿನ ರಾಮಣ್ಣ ನನಗೆಂದು ಮಸಾಲೆ ವಡೆ ಎತ್ತಿಟ್ಟಿರುತ್ತಿದ್ದ. "ಮೇಡಂ ಬತ್ತಾರೆ ಅಂತ ದಿಲೀಪಣ್ಣ ಬೆಳಿಗ್ಗೇನೇ ಏಳೋಗವ್ರೆ" ಅಂದಿದ್ದ ಒಮ್ಮೆ. ಸರ್ವರ್ ನಿಲ್ಲುವುದು ಮಧ್ಯಾಹ್ನ. ನಾನು ಬರುತ್ತೇನೆಂದು ಬೆಳಿಗ್ಗೆಯೇ ನಿಮಗೆ ಹೇಗೆ ಗೊತ್ತಾಯಿತು ದಿಲೀಪ್? ಅವತ್ತು ವಡೆ ತಿಂದೆನೇ ಹೊರತು ಯೋಚಿಸಲಿಲ್ಲ. ಎಂಥ ಪೆದ್ದಿ ನಾನು! ಒಂದು ವೇಳೆ ನಿಜವಾಗಿಯೂ ನಿಮಗೆ ಹೊಳೆದಿರಲಿಲ್ಲವೇನೋ ಎಂದು ಬೆಳಗಿನಿಂದ ಸಮಾಧಾನ ಮಾಡಿಕೊಳ್ಳುತ್ತಿದ್ದೇನೆ. ಪ್ರತಿ ಸಲವೂ ಆ ವಡೆ ಅಡ್ಡ ಬರುತ್ತದೆ.

ಒಂದು ಮಾತು ಮುಚ್ಚಿಡುವುದಿಲ್ಲ. ನನಗೂ ಶುಕ್ರವಾರ ಬಂತೆಂದರೆ ಖುಷಿ. ಬಸ್ಸಿನ ಕಿಟಕಿಗೆ ತಲೆಯಿಟ್ಟು, ಇವತ್ತೂ ಕಾರಣ ಸಿಗದಿರಲಪ್ಪ ಎಂದುಕೊಂಡದ್ದುಂಟು. ನನ್ನನ್ನು ನೋಡಲೆಂದೇ ನೀವು ಸುಮ್ಮನಿದ್ದಿರಿ ಎಂದುಕೊಂಡರೆ ಈ ಹಾಳು ಮನಸ್ಸು ಒಳಗೊಳಗೇ ಹಿಗ್ಗುತ್ತದೆ ಕೂಡ. ಆದರೆ ಪುಟ್ಟರಾಜು? ಅವನು ತಂತಿ ಕಿತ್ತವನೆಂಬ ಹೆಸರು ಹೊತ್ತು ಮನೆಯಲ್ಲಿ ಕೂತಿದ್ದಾಗ, ನೀವು ನನ್ನೆದುರು ಕೂತು ವಡೆ ಮುರಿದು ಕೊಡುತ್ತಿದ್ದಿರಿ. ನೋಡಬೇಕೆನಿಸಿದ್ದರೆ ಹಾಸನಕ್ಕೆ ಒಂದು ಬಸ್ಸು ಹತ್ತಬಾರದಿತ್ತೇ?

ಪುಟ್ಟರಾಜು ಇವತ್ತಿನಿಂದ ಮತ್ತೆ ಕೆಲಸಕ್ಕೆ ಬಂದಿದ್ದಾನೆ. ಈ ತಿಂಗಳ ತಲೆನೋವಿನಲ್ಲಿ ರಾಹುಕಾಲದ ಕತೆಯನ್ನು ನಾನೇ ಬರೆಯಬೇಕು. ಯಾರಿಗೂ ಗೊತ್ತಿರಲಿಲ್ಲ ಎಂದು ಬರೆಯಲೋ, ಒಬ್ಬರಿಗೆ ಗೊತ್ತಿತ್ತು ಎಂದು ಬರೆಯಲೋ? ಗೊತ್ತಿದ್ದೂ ಮುಚ್ಚಿಟ್ಟವರನ್ನು ಹೆಡ್ಡಾಫೀಸು ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ. ನೀವು ಹೇಳಿದ್ದನ್ನೇ ಬರೆಯುತ್ತೇನೆ, ನನ್ನ ಅನುಮಾನವನ್ನಲ್ಲ.

ಅದಕ್ಕೇ ಈಗಲೇ ಹಿರಿಯರನ್ನು ಕರೆದುಕೊಂಡು ಬರಬೇಡಿ. ಒಬ್ಬರೇ ಬಂದು ಹೇಳಿ. ಗೊತ್ತಿತ್ತು ಎಂದರೆ ನಿಮ್ಮ ಕೆಲಸ ಹೋಗುತ್ತದೆ, ನಾನು ಉಳಿಯುತ್ತೇನೆ. ಪುಟ್ಟರಾಜುವಿನ ಮನೆಗೆ ಇಬ್ಬರೂ ಹೋಗಿ ತಪ್ಪಾಯಿತು ಅನ್ನೋಣ. ಗೊತ್ತಿರಲಿಲ್ಲ ಎಂದರೆ ನಿಮ್ಮ ಕೆಲಸ ಉಳಿಯುತ್ತದೆ.

ದೇವರು ನಿಮ್ಮ ಬಾಯಲ್ಲಿ ನಿಜ ಆಡಿಸಲಿ.

'ನಿಮ್ಮ' ಎಂದು ಬರೆಯಲು ಇನ್ನೂ ಧೈರ್ಯ ಸಾಲದ,
ಸಿಂಧು