ಕಬ್ಬಿನ ಎಣ್ಣೆ ಮತ್ತು ಸೇತುವೆಯಾಚೆ ನಿಂತ ಕಾರು

ಜಮಖಂಡಿ,
ಫೆಬ್ರುವರಿ ಮೂವತ್ತು, 2141

ಪರಪ್ಪ ಮುತ್ಯಾ ಅವರಿಗೆ, ನಿಮ್ಮ ಮೊಮ್ಮಗನ ಮೊಮ್ಮಗಳು ನಾಗಲಾಂಬಿಕೆಯ ಶರಣು.

ಈ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ. ನಮ್ಮ ಕಾಲದಲ್ಲಿ ತಿಂಗಳುಗಳನ್ನು ಹೊಸದಾಗಿ ಅಳೆದಿದ್ದಾರೆ. ನನ್ನ ಮಾತುಗಳೂ ಅಲ್ಲಲ್ಲಿ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಇದು ಹಿಂದೋಲೆ, ಅಂದರೆ ತೀರಿಹೋದ ಹಿರಿಯರೊಬ್ಬರಿಗೆ ವರ್ಷಕ್ಕೊಮ್ಮೆ ಬರೆದು ಕೃಷ್ಣೆಗೆ ಬಿಡುವ ಕಾಗದ. ತಲುಪುವುದಿಲ್ಲವೆಂದು ಗೊತ್ತಿದ್ದೂ ಬರೆಯುತ್ತೇವೆ.

ನಮ್ಮಲ್ಲಿ ಮನೆಗೊಂದು ಕಾರು ಇಲ್ಲ. ಓಣಿಗೆಲ್ಲ ಸೇರಿ ಒಂದು ಗಾಡಿಯಿದೆ, ಅದನ್ನು ನೆರೆಗಾಡಿ ಎನ್ನುತ್ತೇವೆ. ಬೇನೆ ಬಂದವರಿಗೆ ಮೊದಲು, ಮದುವೆಯವರಿಗೆ ಆಮೇಲೆ. ಪೆಟ್ರೋಲಿನ ವಾಸನೆ ನಮಗೆ ಗೊತ್ತಿರುವುದು ಶಾಲೆಯ ವಾಸನೆಪೆಟ್ಟಿಗೆಯಿಂದ. ಕಳೆದುಹೋದ ವಾಸನೆಗಳನ್ನು ಅದರಲ್ಲಿ ಕೂಡಿಟ್ಟು ಮಕ್ಕಳಿಗೆ ಮೂಸಲು ಕೊಡುತ್ತಾರೆ. ನಮ್ಮ ತರಗತಿಯ ಸರದಿ ಬಂದಾಗ ಉಳಿದ ಮಕ್ಕಳೆಲ್ಲ ಮೂಗು ಮುರಿದು ನಕ್ಕರು. ನನಗೆ ನಗು ಬರಲಿಲ್ಲ. ನಿಮ್ಮ ಬಿಳಿ ಕಾರಿನ ಕಥೆಯನ್ನು ನಮ್ಮ ಮನೆಯಲ್ಲಿ ಎಳೆಯ ಕೂಸಿಗೂ ಹೇಳಿರುತ್ತಾರೆ.

ನೀವು ಹೈಸ್ಕೂಲ್ ಮಾಸ್ತರರು. ನಿಮ್ಮ ತಮ್ಮ ಮಲ್ಲೇಶಿ ಹೊಳೆದಂಡೆಯಲ್ಲಿ ಕಬ್ಬು ಬೆಳೆಯುತ್ತಿದ್ದರು. ಬಂಕುಗಳಲ್ಲೆಲ್ಲ ಕಬ್ಬಿನಿಂದ ತೆಗೆದ ಎಥೆನಾಲ್ ಬೆರೆಸಿದ ಪೆಟ್ರೋಲೇ ಸಿಗತೊಡಗಿದಾಗ ಹಳೆಯ ಕಾರಿಗೆ ಅದು ಒಗ್ಗೀತೇ ಎಂದು ನೀವು ಅನುಮಾನಿಸಿದಿರಿ. ತಮ್ಮ ನಕ್ಕರಂತೆ: "ಅಣ್ಣಾ, ಇದು ನಮ್ಮ ಹೊಲದ ಎಣ್ಣಿ. ಹೊರಗಿನವರ ಮುಂದ ಕೈ ಒಡ್ಡೂದು ತಪ್ಪತೈತಿ." ಗ್ಯಾರೇಜಿನ ದಸ್ತಗೀರ್ ಮಾತ್ರ, "ಹೊಸಾ ಗಾಡಿಗೆ ಚಿಂತಿಲ್ಲರೀ ಮಾಸ್ತರ, ಮೈಲೇಜು ಒಂಚೂರು ಬೀಳತೈತಿ ಅಷ್ಟ. ಇದು ಹಳೇದು, ಒಳಗಿನ ರಬ್ಬರ್ ಪೈಪು ಮೆತ್ತಗಾಗತಾವ, ಬದಲಿ ಮಾಡಿಸಿಬಿಡ್ರಿ" ಅಂದಿದ್ದರು. "ಮುಂದ ನೋಡೂಣು" ಅಂದಿರಿ. ಕಾರು ಚೆನ್ನಾಗಿಯೇ ಓಡುತ್ತಿತ್ತು. ಓಡುವ ಗಾಡಿಯನ್ನು ಯಾರು ಬಿಚ್ಚಿಸುತ್ತಾರೆ?

ಕಬ್ಬು ಕಡಿಯುವ ಹಂಗಾಮಿನಲ್ಲಿ ವಿಜಯಪುರದ ಆಸ್ಪತ್ರೆಯಿಂದ ನಿಮ್ಮ ತಂಗಿಯ ಫೋನು ಬಂತು: "ಅವ್ವ ನಿಮ್ಮಿಬ್ಬರನ್ನೂ ಕೇಳಾಕತ್ತಾಳ. ಲಗೂನ ಬರ್ರಿ." ಅಣ್ಣತಮ್ಮ ಇಬ್ಬರೂ ಆ ಕಾರಿನಲ್ಲೇ ಹೊರಟಿರಿ. ಕೃಷ್ಣೆಯ ಸೇತುವೆ ದಾಟಿದ ಮೇಲೆ ಪೆಟ್ರೋಲಿನ ವಾಸನೆ ಮೂಗಿಗೆ ಹೊಡೆಯಿತು, ಇಂಜಿನ್ ಎರಡು ಸಲ ಬಿಕ್ಕಿ ನಿಂತಿತು. ಪೈಪು ಸೀಳಿ ಎಣ್ಣೆ ರಸ್ತೆಗೆ ಸೋರುತ್ತಿತ್ತು. ಕೈ ಮಾಡಿದರೆ ಯಾವ ಗಾಡಿಯೂ ನಿಲ್ಲಲಿಲ್ಲ. ಕೊನೆಗೆ ನಿಂತದ್ದು ಫ್ಯಾಕ್ಟರಿಗೆ ಹೋಗುತ್ತಿದ್ದ ಕಬ್ಬಿನ ಟ್ರ್ಯಾಕ್ಟರು. ಅದರ ಮೇಲೆ ಕುಳಿತು, ಆಮೇಲೆ ಬಸ್ಸು ಹಿಡಿದು ನೀವು ತಲುಪುವಷ್ಟರಲ್ಲಿ ತಾಯಿಯ ಮುಖಕ್ಕೆ ಬಟ್ಟೆ ಹೊದಿಸಿದ್ದರು. ಆ ಬಾಗಿಲಲ್ಲೇ ನೀವು ತಮ್ಮನಿಗೆ ಹೇಳಿದಿರಿ: "ನಿನ್ನ ಕಬ್ಬು ನಮ್ಮವ್ವನ ಮಾರಿ ನೋಡಗೊಡಲಿಲ್ಲ." ನೀವಿಬ್ಬರೂ ಮತ್ತೆ ಮಾತಾಡಲೇ ಇಲ್ಲ.

ದಸ್ತಗೀರ್ ಹೇಳಿದ್ದ ಪೈಪಿನ ಮಾತನ್ನು ನೀವು ಹೆಂಡತಿಗಲ್ಲದೆ ಯಾರಿಗೂ ಹೇಳಲಿಲ್ಲ. ನಿಮ್ಮ ಹೆಂಡತಿ ಎಷ್ಟೋ ವರ್ಷದ ಮೇಲೆ ಸೊಸೆಯ ಹತ್ತಿರ ಹೇಳಿದರು, ಅದು ಹೆಂಗಸರ ಬಾಯಿಂದ ಬಾಯಿಗೆ ನನ್ನವರೆಗೆ ಬಂದಿದೆ. ಗಂಡಸರು ಮಾತ್ರ ಕಬ್ಬಿನ ಕಥೆಯನ್ನೇ ಹೇಳಿಕೊಂಡು ಬಂದರು. ಹೀಗಾಗಿ ಮಲ್ಲೇಶಿಯವರ ಮನೆಯವರು ಕೊನೆಯವರೆಗೂ ನಮ್ಮ ಮನೆಯ ನೀರು ಕುಡಿಯಲಿಲ್ಲ.

ಹೋದ ವರ್ಷ ಮಲ್ಲೇಶಿಯವರ ಕಡೆಯ ಸತ್ಯವ್ವಾಯಿ ಹಾಸಿಗೆ ಹಿಡಿದರು. ಆ ಮನೆಯಲ್ಲಿ ಉಳಿದಿದ್ದವರು ಅವರೊಬ್ಬರೇ. ನೆರೆಗಾಡಿಯಲ್ಲಿ ಅವರನ್ನು ಆಸ್ಪತ್ರೆಗೆ ಒಯ್ಯುವ ಸರದಿ ನನಗೆ ಬಂತು. ದಾರಿಯಲ್ಲಿ ಅವರು ಕೇಳಿದರು: "ನೀ ಪರಪ್ಪನ ಮನಿಯಾಕಿ ಹೌದಲ್ಲ? ನಿಮ್ಮವರಿಗೆ ಗೊತ್ತೈತೋ ಇಲ್ಲೋ. ಅವರವ್ವ ತೀರಿಕೊಂಡ ವರ್ಷಾನ ನಮ್ಮ ಮಲ್ಲೇಶಿ ಮುತ್ಯಾ ಕಬ್ಬು ಕಿತ್ತು ಜೋಳ ಬಿತ್ತಿದ. ಅಣ್ಣ ಆ ದಾರೀಲೆ ಸಾಲಿಗೆ ಹೋಗತಾನ, ನೋಡ್ಯಾನು ಅಂತ ಸಾಯೂತನಕ ಜೋಳಾನ ಬಿತ್ತಿದ." ಆಸ್ಪತ್ರೆ ಬರುವವರೆಗೆ ನನ್ನ ಕೈ ಹಿಡಿದುಕೊಂಡಿದ್ದರು. ಮರುವಾರ ತೀರಿಕೊಂಡರು.

ಆ ಎಣ್ಣೆ ಮನೆಯ ಕಾರಿಗೆ ತಕ್ಕದ್ದೋ ಅಲ್ಲವೋ ಎಂದು ನಿಮ್ಮ ಕಾಲದವರು ಜಗಳಾಡುತ್ತಿದ್ದರಂತೆ. ಅದಕ್ಕೆಂದೇ ಮಾಡಿದ ಗಾಡಿಗೆ ತಕ್ಕದ್ದೇ. ಹಳೆಯದಕ್ಕೆ ಪೈಪು ಬದಲಿಸಬೇಕಿತ್ತು. ಹೊಳೆ ಅಷ್ಟು ಕಬ್ಬಿಗೆ ಸಾಲದೆ ಹೋದದ್ದು ಬೇರೆಯೇ ದುಃಖ, ಅದನ್ನು ನಾವಿನ್ನೂ ಉಣ್ಣುತ್ತಿದ್ದೇವೆ. ಆದರೆ ಅಂದು ನಿಮ್ಮ ತಮ್ಮನೂ ತಾಯಿಯನ್ನು ಕಳೆದುಕೊಂಡಿದ್ದರು. ಅದನ್ನು ನಮ್ಮ ಮನೆಯಲ್ಲಿ ಒಬ್ಬರೂ ನೆನೆಯಲಿಲ್ಲ.

ಮುತ್ಯಾ, ಈ ಕಾಗದ ಹೇಗಾದರೂ ನಿಮ್ಮ ಕೈ ಸೇರಿದರೆ, ಶಾಲೆಗೆ ಹೋಗುವಾಗ ಆ ಜೋಳದ ಹೊಲದ ಬದುವಿನಲ್ಲಿ ಒಂದು ಗಳಿಗೆ ನಿಲ್ಲಿ. ಏನೂ ಹೇಳಬೇಕಿಲ್ಲ. ನಿಮ್ಮ ತಮ್ಮನೇ ಕರೆಯುತ್ತಾರೆ.