ದಂಟಿನ ಮೇಲಿನ ಸವಾರ

ಕಿತ್ತೂರು
14 ಡಿಸೆಂಬರ್ 1998

ನಮ್ಮ ಮನೆಯ ಭಾಗೀರಥಿಗೆ, ನಿನ್ನ ಮಾವ ಲಗಮಪ್ಪ ಬರೆಯುವುದು.

ಹೇಗಿದ್ದೀ ಅವ್ವಾ? ಸುರೇಬಾನದಲ್ಲಿ ಚಳಿ ಇಲ್ಲಿಯಷ್ಟೇ ಇದೆಯೋ, ಇನ್ನೂ ಹೆಚ್ಚೋ? ಹೋಗುವಾಗ ನಿನ್ನ ಬೆರಳು ಬಿಸಿ ಮೇಣ ತಾಗಿ ಸುಟ್ಟಿತ್ತು, ಅದು ಮಾಯಿತೇ? ನಿನ್ನ ತಂದೆ ಹಣಮಂತಪ್ಪನವರ ಮೊಣಕಾಲು ನೋವು ಹೇಗಿದೆ? ಹೊಲದಲ್ಲಿ ಬಿಳಿಜೋಳ ತೆನೆ ಬಿಟ್ಟಿದೆಯೇ? ಇಲ್ಲಿ ಎಮ್ಮೆ ಈದಿದೆ, ಹೆಣ್ಣು ಕರು. ನಿನ್ನ ಅತ್ತೆ ಮುದಕವ್ವ ಗಿಣ್ಣು ಮಾಡಿದಳು. ಬಡಿಸುವಾಗ ನಿನ್ನ ಹೆಸರು ತೆಗೆದು ನನ್ನ ಕಡೆ ಒಮ್ಮೆ ನೋಡಿದಳು ನೋಡು, ಬಟ್ಟಲನ್ನು ಪಕ್ಕಕ್ಕೆ ಸರಿಸಿ ಎದ್ದೆ. ಬಾಳೇಶ ಎಂದಿನಂತೆ ಬೈಲಹೊಂಗಲದ ಹತ್ತಿ ಮಿಲ್ಲಿಗೆ ಹೋಗಿಬರುತ್ತಾನೆ. ಹೆಂಡತಿಯನ್ನು ಕರೆದುಕೊಂಡು ಬಾರೋ ಎಂದರೆ, "ಬೈದಾಂವ ನೀನು, ನೀನ ಹೋಗಪಾ" ಎನ್ನುತ್ತಾನೆ. ಗಂಡನಾದವನು ಆಡುವ ಮಾತೇ ಇದು ಎಂದು ರೇಗಿದೆ. ರೇಗಿದ ಮೇಲೆ, ಅವನು ಹೇಳಿದ್ದರಲ್ಲಿ ಸುಳ್ಳೇನಿದೆ ಎನ್ನಿಸಿತು.

ಮುಂದಿನ ಮಾತಿಗೆ ಧೈರ್ಯ ಸಾಲದು. ಆದ್ದರಿಂದ ನಿನಗೆ ಗೊತ್ತಿರುವುದನ್ನೇ ಮೊದಲು ಬರೆಯುತ್ತೇನೆ. ನಮ್ಮ ಮಣ್ಣಿನ ಸವಾರರು ಬೆರಳುದ್ದದವರು. ಒಂದು ಕುದುರೆ, ಮೇಲೊಬ್ಬ ಮೀಸೆಯವ. ಕೈಯಲ್ಲಿ ಹಿಡಿದರೆ ಹಸಿ ಬಣ್ಣ ಅಂಟುತ್ತದೆ, ಹಿಡಿಯದಿದ್ದರೆ ಹಚ್ಚಲು ಆಗುವುದಿಲ್ಲ. ಅದಕ್ಕೇ ಒಣ ಜೋಳದ ದಂಟಿನ ತುದಿಗೆ ಬಿಸಿ ಮೇಣ ಹಚ್ಚಿ, ಕುದುರೆಯ ಹೊಟ್ಟೆಗೆ ಕೂಡಿಸಿ, ದಂಟನ್ನು ಉಸುಕಿನ ಗಡಿಗೆಯಲ್ಲಿ ನೆಡುವುದು. ಬಣ್ಣ ಒಣಗಿದ ಮೇಲೆ ತುಸು ಕಾಯಿಸಿದರೆ ಮೇಣ ಬಿಡುತ್ತದೆ, ಸವಾರ ತನ್ನ ಕುದುರೆಯ ಕಾಲ ಮೇಲೆ ನಿಲ್ಲುತ್ತಾನೆ. ಕೂಡಿಸುವುದು, ಮೈಬಣ್ಣ ಹಚ್ಚುವುದು ಹೆಂಗಸರ ಕೆಲಸ. ಕಣ್ಣು, ಮೀಸೆ, ಲಗಾಮು ಬರೆಯುವುದು ಮನೆಯ ಹಿರಿಯ ಗಂಡಸಿನದು. ಹಿರಿಯನ ಕುಂಚವನ್ನು ಮತ್ತೊಬ್ಬರು ಮುಟ್ಟಬಾರದು ಎಂದು ನನ್ನ ಅಪ್ಪ ನಡೆಸಿದ, ನಾನೂ ನಡೆಸಿದೆ. ಆ ರೂಢಿ ನನಗೆ ಎಷ್ಟು ಅನುಕೂಲವಾಗಿತ್ತು ಎಂಬುದು ಈಗ ತಿಳಿಯುತ್ತಿದೆ.

ಹೋದ ಬೇಸಿಗೆಯಿಂದ ಸವಾರರ ಕಣ್ಣು ಸೊಟ್ಟಗಾಗತೊಡಗಿದವು. ಒಬ್ಬನ ಹುಬ್ಬು ಹಣೆಗೇರಿತು, ಇನ್ನೊಬ್ಬನ ಮೀಸೆ ಕಿವಿ ದಾಟಿತು. ದಂಟಿನ ಮೇಲೆ ಗೊಂಬೆ ಅಲುಗುತ್ತದೆ, ನೀನು ಗಟ್ಟಿಯಾಗಿ ಕೂಡಿಸುವುದಿಲ್ಲ ಎಂದು ನಿನ್ನನ್ನು ಬೈದೆ. ನೀನು ಮೇಣಕ್ಕೆ ರಾಳ ಬೆರೆಸಿದೆ, ದಪ್ಪ ದಂಟು ಆರಿಸಿ ತಂದೆ, ಮೇಲೆ ದಾರ ಸುತ್ತಿದೆ. ಬೆರಳು ಸುಟ್ಟುಕೊಂಡದ್ದೂ ಹಾಗೆಯೇ. ಆಗ ನಾನು, "ಕುಣಿಯಾಕ ಬರದಾಕಿ ನೆಲಾ ಡೊಂಕ ಅಂದಳಂತ" ಎಂದು ನಿನ್ನನ್ನು ಹಂಗಿಸಿದೆ. ಗಾದೆ ಸರಿಯಾಗಿಯೇ ಇತ್ತು ಭಾಗೀರಥಿ, ಹೇಳಿದ ಮನುಷ್ಯ ತಪ್ಪು.

ದೀಪಾವಳಿಗೆ ನಿನ್ನನ್ನು ಕರೆಯಲು ಬಂದ ನಿನ್ನ ತಂದೆ ನಮ್ಮ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕುಳಿತಿದ್ದರು. ಬೈಲಹೊಂಗಲದ ಆಟಿಗೆ ಸಾಮಾನಿನ ಅಂಗಡಿಯ ನಾಸಿರ ಮಾಲು ನೋಡಲು ಅದೇ ಹೊತ್ತಿಗೆ ಬಂದ. ಒಬ್ಬ ಸವಾರನನ್ನು ಎತ್ತಿ ಹಿಡಿದು, "ಕಾಕಾ, ಈ ಸರದಾರ ಎತ್ತಾಗ ನೋಡಾಕತ್ತಾನ್ರಿ?" ಎಂದು ನಕ್ಕ. ಹುಡುಗಾಟಿಕೆಯ ಮಾತು, ನಕ್ಕು ಬಿಟ್ಟಿದ್ದರೆ ಮುಗಿಯುತ್ತಿತ್ತು. ನನಗೆ ಮೈ ಉರಿಯಿತು. "ತವರಮನ್ಯಾಗ ಒಂದ ಕಡೆ ನಿಂದ್ರೂದ ಕಲಿಸಿಲ್ಲ ಇಕಿಗೆ. ಇಕಿ ಗೊಂಬಿ ಏನ ನಿಂದರಸ್ತಾಳ?" ಎಂದುಬಿಟ್ಟೆ. ನಿನ್ನ ತಂದೆ ಕಪ್ಪು ಕೆಳಗಿಟ್ಟರು. ಅದರಲ್ಲಿ ಚಹಾ ಇನ್ನೂ ಅರ್ಧ ಇತ್ತು. ನೀನು ಒಳಗೆ ಹೋಗಿ ಚೀಲ ತಂದು ಅವರ ಹಿಂದೆ ನಡೆದೆ. ಹಬ್ಬ ಮುಗಿದು, ಎಳ್ಳಮಾವಾಸ್ಯೆ ಹತ್ತಿರ ಬಂದರೂ ನೀನು ಬರಲಿಲ್ಲ. ಬಾ ಎನ್ನುವ ಮುಖ ನನಗೂ ಇರಲಿಲ್ಲ.

ನೀನು ಹೋದ ಮೇಲೆ ಮುದಕವ್ವ ಕೂಡಿಸಿದಳು. ಕಣ್ಣು ಸೊಟ್ಟ. ಅವಳನ್ನೂ ಬೈದೆ. ಅವಳೇನು ಸೊಸೆಯೇ, ಸುಮ್ಮನಿರಲು? "ಹಂಗಾರ ನೀವ ಕೂಡಸ್ರಿ" ಎಂದು ಮೇಣದ ಬಟ್ಟಲನ್ನು ನನ್ನ ಮುಂದೆ ಇಟ್ಟಳು. ನಾನೇ ಕೂಡಿಸಿದೆ. ಬೆರಳು ಎರಡು ಕಡೆ ಸುಟ್ಟಿತು, ಆಗ ನಿನ್ನ ನೆನಪಾಯಿತು. ಆದರೂ ಕಣ್ಣು ಸೊಟ್ಟ. ಕೊನೆಗೆ ನಿನ್ನ ಅತ್ತೆ ಹಿತ್ತಲ ಬಿಸಿಲಿನಲ್ಲಿ ಕುಳಿತು, ದಂಟನ್ನು ಕಲ್ಲಿಗೆ ಒತ್ತಿ, ಕುದುರೆಯನ್ನು ಎರಡೂ ಕೈಯಿಂದ ಹಿಡಿದು, "ಈಗ ಬರೀರಿ" ಎಂದಳು. ಬರೆದೆ. ಗೆರೆ ಗಲ್ಲಕ್ಕೆ ಇಳಿಯಿತು. ಅವಳು ಗೊಂಬೆಯನ್ನು ನೋಡುತ್ತಿರಲಿಲ್ಲ, ನನ್ನ ಕೈಯನ್ನು ನೋಡುತ್ತಿದ್ದಳು. "ಗೊಂಬಿ ಅಲ್ಲೇ ನಿಂತೈತ್ರಿ. ನಡಗಾಕತ್ತಿದ್ದು ನಿಮ್ಮ ಕೈ" ಎಂದಳು. ಮೆಲ್ಲಗೆ ಹೇಳಿದಳು. ನಾನು ಕುಂಚ ಎಸೆದು ಎದ್ದು ಹೋದೆ.

ಕೆರೆಯ ತನಕ ನಡೆದು ವಾಪಸು ಬಂದೆ. ಹೋಗುವ ಮುಂಚೆ ನೀನು ಕೂಡಿಸಿಟ್ಟಿದ್ದ ಸವಾರರು ಮಾಡಿನ ಕೆಳಗೆ ಗಡಿಗೆಯಲ್ಲಿ ಹಾಗೇ ಇದ್ದರು, ಮೈಬಣ್ಣವಾಗಿ ಮುಖವಿಲ್ಲದೆ. ಒಬ್ಬನನ್ನು ಹಿಡಿದು ಅಲುಗಿಸಿದೆ, ಅಲುಗಲಿಲ್ಲ. ತಿರುವಿ ನೋಡಿದೆ. ದಂಟು ಸೀಳಿತು, ಮೇಣ ಬಿಡಲಿಲ್ಲ. ಅಲ್ಲೇ ನೆಲದ ಮೇಲೆ ಕುಳಿತೆ. ನಾಚಿಕೆ ಎಂದರೆ ತಲೆ ತಗ್ಗಿಸುವುದು ಅಂದುಕೊಂಡಿದ್ದೆ. ಅಲ್ಲ, ಹೆಂಡತಿ ಕರೆದರೂ ಊಟಕ್ಕೆ ಏಳಲಾಗದೆ ಕುಳಿತಿರುವುದು. ಇಷ್ಟು ವಯಸ್ಸಾದ ಮೇಲೆ ಕೈ ನಡುಗುವುದು ತಪ್ಪಲ್ಲ, ಎಲ್ಲರಿಗೂ ಬರುವಂಥದೇ. ನನ್ನ ಕೈಯ ನಡುಕವನ್ನು ನಿನ್ನ ಮೇಲೆ, ನಿನ್ನ ತವರಿನ ಮೇಲೆ ಹೊರಿಸಿದೆನಲ್ಲ, ಅದಕ್ಕೆ ನನಗೆ ನಾಚಿಕೆ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಕಾರಹುಣ್ಣಿಮೆಯ ಹೊತ್ತಿಗೆ ನಾನು ದೊಡವಾಡಕ್ಕೆ ಹೋದಾಗ ಒಂದು ಕುದುರೆಯ ಲಗಾಮು ಅಳಿಸಿತ್ತೆಂದು ನೀನೇ ತಿದ್ದಿದ್ದೆ. ನಾಸಿರ ಅಷ್ಟು ಸಾಲಿನಲ್ಲಿ ಅದನ್ನೇ ಮೊದಲು ಎತ್ತಿ ಹೊಗಳಿದ. ಯಾರ ಕೈ ಎಂದು ನನಗೆ ಗೊತ್ತಿತ್ತು, ಹೇಳಲಿಲ್ಲ. ಬದಲಿಗೆ ಒಳಗೆ ಬಂದು, ಕುಂಚ ಮುಟ್ಟಿದ್ದಕ್ಕೆ ನಿನ್ನನ್ನೇ ಗದರಿಸಿದೆ.

ನಿನ್ನ ತಂದೆಗೆ ನನ್ನ ಶರಣು ತಿಳಿಸು, ಅವರು ತೆಗೆದುಕೊಂಡರೆ. ನಿನ್ನ ತಾಯಿಗೆ, ತಮ್ಮನಿಗೆ ನಮಸ್ಕಾರ. ಮುದಕವ್ವ ಕರುವಿಗೆ ಇನ್ನೂ ಹೆಸರಿಟ್ಟಿಲ್ಲ, ನೀನು ಬಂದು ಇಡಬೇಕಂತೆ. ದೇವರು ನಿನ್ನನ್ನು ಚೆನ್ನಾಗಿ ಇಟ್ಟಿರಲಿ, ನನ್ನಂಥವರ ಬಾಯಿಂದ ದೂರ ಇಟ್ಟಿರಲಿ.

ಇಂತಿ ನಿನ್ನ ಮಾವ,
ಲಗಮಪ್ಪ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಾಸಿರ ಬಂದ. ಬನದ ಹುಣ್ಣಿಮೆಗೆ ಸವದತ್ತಿಯ ಜಾತ್ರೆಯಲ್ಲಿ ಮಾರುವ ಮಾಲು ಅವನಿಗೆ ಬೇಕು. ಮುಖವಿಲ್ಲದ ಸವಾರರನ್ನು ನೋಡಿ ಗಾಬರಿಯಾದ. ಆವತ್ತು ಸೊಸೆಗೆ ಅಂದದ್ದು ಸುಳ್ಳು, ಕೈ ನನ್ನದು ನಡುಗುತ್ತದೆ ಎಂದು ಅವನೆದುರು ಹೇಳಿದೆ. ಅವನು ನಗಲಿಲ್ಲ. "ಹಂಗಾರ ಕಣ್ಣ ಯಾರ ಬರೀತಾರ್ರಿ ಕಾಕಾ?" ಎಂದು ಕೇಳಿದ. "ನಮ್ಮ ಭಾಗೀರಥಿ" ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಒಳಗಿನಿಂದ ನಿನ್ನ ಅತ್ತೆ, "ಆಕಿನ್ನ ಕೇಳೀರೇನು?" ಎಂದು ಕೂಗಿದಳು. ಕೇಳಿಲ್ಲ, ಈಗ ಕೇಳುತ್ತಿದ್ದೇನೆ. ಗುರುವಾರ ರಾಮದುರ್ಗದ ಬಸ್ಸಿಗೆ ಸುರೇಬಾನಕ್ಕೆ ಬರುತ್ತೇನೆ, ಕುಂಚ ತರುತ್ತೇನೆ. ನಿನ್ನ ತಂದೆಗೆ ಮನೆಯಲ್ಲಿರಲು ಹೇಳು. ಅವರ ಮುಂದೆ ಆಡಿದ್ದನ್ನು ಅವರ ಮುಂದೆಯೇ ಹಿಂದಕ್ಕೆ ತೆಗೆದುಕೊಳ್ಳಬೇಕು. ಕುಂಚ ಬೇಡ ಎಂದರೆ ಹೊಸ್ತಿಲಲ್ಲೇ ಹೇಳು, ನಾಸಿರನಿಗೆ ನಾನು ಹೇಳಿಕೊಳ್ಳುತ್ತೇನೆ. ಬೇಕು ಎಂದರೆ ಇನ್ನು ಮೇಣ ಕಾಯಿಸಿ ದಂಟಿಗೆ ಕೂಡಿಸುವ ಕೆಲಸ ನನ್ನದು, ಕಣ್ಣು ಬರೆಯುವುದು ನಿನ್ನದು. ಗೊಂಬೆ ಅಲುಗಿದರೆ ಬೈಯಿ. ಯಾರ ಮುಂದಾದರೂ ಸರಿ.